ಕೋಸ್ಟಿಯ ಕೊನೆಯ ಎರಡು ನಿಮಿಷ

ಹದಿನಾಲ್ಕು ವರ್ಷ ಹಾರ್ಲೋ ಕ್ರೀಕ್ ಊರಿನ ಪರವಾಗಿ ಐಸ್ ಹಾಕಿ ಆಡಿದ ವಾರೆನ್ ಕೋಸ್ಟಿಕ್ ಒಟ್ಟು ಹೊಡೆದ ಗೋಲು ಹನ್ನೊಂದು. ಅದರಲ್ಲಿ ಎರಡು ಅವನ ಬೆನ್ನಿಗೆ ಬಡಿದು ತಾವಾಗಿಯೇ ಬಲೆಯೊಳಗೆ ಹೋದವು. ಇನ್ನೊಂದು ಹೇಗೆ ಹೋಯಿತೆಂದು ಅವನಿಗೂ ಗೊತ್ತಿಲ್ಲ, ನೋಡಿದವರಿಗೂ ಗೊತ್ತಿಲ್ಲ. ಆದರೆ ಪೆನಾಲ್ಟಿ ಗೂಡಿನಲ್ಲಿ ಅವನು ಕೂತ ಹೊತ್ತನ್ನು ಒಟ್ಟು ಸೇರಿಸಿದರೆ ಸುಖವಾಗಿ ಒಂದು ಕಾಲೇಜು ಪದವಿ ಮುಗಿಸಬಹುದಿತ್ತು ಎಂದು ಊರಿನವರು ಆಡಿಕೊಳ್ಳುತ್ತಿದ್ದರು. ತಪ್ಪು ಮಾಡಿದ ಆಟಗಾರನನ್ನು ಎರಡು ನಿಮಿಷವೋ ಐದು ನಿಮಿಷವೋ ಕೂಡಿಹಾಕುವ ಆ ಗಾಜಿನ ಗೂಡಿನ ಬೆಂಚಿನಲ್ಲಿ ಕೋಸ್ಟಿಯ ಕುಂಡೆಯ ಅಳತೆಗೆ ತಗ್ಗು ಬಿದ್ದಿತ್ತು. ಕೋಸ್ಟಿ ಎಂದರೆ ಅವನೇ. ಹಾಕಿ ಆಡುವವರಿಗೆ ಪೂರ್ತಿ ಹೆಸರು ಹೇಳುವಷ್ಟು ವ್ಯವಧಾನವಿಲ್ಲ.

ಅವನ ಕೆಲಸವೇ ಅದು. ನಮ್ಮ ಸಸ್ಕ್ಯಾಚುವಾನ್ ಪ್ರಾಂತ್ಯದ ಪ್ರತಿಯೊಂದು ಊರಿನ ತಂಡದಲ್ಲೂ ಹಗುರ ಕಾಲಿನ, ಚುರುಕು ಕೈಯ ಇಬ್ಬರು ಮೂವರು ಹುಡುಗರಿರುತ್ತಾರೆ. ಗೋಲು ಹೊಡೆಯುವವರು ಅವರು. ಅವರನ್ನು ಯಾರಾದರೂ ಗೋಡೆಗೆ ಒತ್ತಿ ಅಪ್ಪಚ್ಚಿ ಮಾಡಿದರೆ, ಹಾಗೆ ಮಾಡಿದವನ ಹತ್ತಿರ ಹೋಗಿ ಕೈಗವಸು ಕಳಚಿ ಎಸೆದು ನಾಲ್ಕು ಮಾತು ಕೇಳಿಬರಲು ಒಬ್ಬ ದಾಂಡಿಗ ಬೇಕಾಗುತ್ತಾನೆ. ಹಾರ್ಲೋ ಕ್ರೀಕಿಗೆ ಕೋಸ್ಟಿ ಆ ದಾಂಡಿಗ. ಐವತ್ತು ಕಿಲೋಮೀಟರ್ ಆಚೆಯ ಬೆಲ್‌ಪ್ರೇ ಊರಿಗೆ ಗಿಲ್ಬರ್ಟ್ ಟೂರನ್. ಇಬ್ಬರೂ ಒಬ್ಬರಿಗೊಬ್ಬರು ಎರಡೆರಡು ಸಲ ಮೂಗು ಮುರಿದುಕೊಟ್ಟಿದ್ದರು. ಐಸ್ ಅಂಗಳದ, ಅಂದರೆ ರಿಂಕಿನ, ಹೊರಗೆ ಅವರು ಎದುರಾದದ್ದು ಒಮ್ಮೆ ಮಾತ್ರ, ದನಗಳ ಹರಾಜಿನಲ್ಲಿ. ಆಗ ಇಬ್ಬರೂ ಒಂದಿಷ್ಟು ತಲೆಯಾಡಿಸಿ, ತಮ್ಮ ಪಾಡಿಗೆ ತಾವು ಹಸು ನೋಡುತ್ತ ನಿಂತಿದ್ದರು.

ಐಸ್ ಮೇಲಿಂದ ಇಳಿದರೆ ಕೋಸ್ಟಿಯಷ್ಟು ಸಾಧು ಮನುಷ್ಯ ಇನ್ನೊಬ್ಬನಿರಲಿಲ್ಲ. ಸ್ಥಳೀಯ ಆಡಳಿತದ ಗ್ರೇಡರ್ ಯಂತ್ರ ಓಡಿಸಿ, ಬೇಸಿಗೆಯಲ್ಲಿ ಜಲ್ಲಿ ರಸ್ತೆ ಹದ ಮಾಡಿ, ಚಳಿಗಾಲದಲ್ಲಿ ಹಿಮ ಬಳಿದು ಹಾಕುವುದು ಅವನ ಹೊಟ್ಟೆಪಾಡು. ಒಂಟಿ ಹೆಂಗಸರ ಮನೆ ಮುಂದಿನ ಹಿಮವನ್ನು ಮೊದಲು ತೆಗೆಯುತ್ತಿದ್ದ. ಮನೆಯಲ್ಲಿ ಜೇಡ ಕಂಡರೆ ಲೋಟದಲ್ಲಿ ಹಿಡಿದು ಹೊರಗೆ ಬಿಡುತ್ತಿದ್ದ. ಹೊರಗೆ ಮೈನಸ್ ಮೂವತ್ತು ಇರುವಾಗ ಜೇಡವನ್ನು ಹೊರಗೆ ಬಿಡುವುದು ಎಂಥ ದಯೆ ಎಂದು ಅವನ ಹೆಂಡತಿ ಟ್ರೂಡಿ ಕೇಳುತ್ತಿದ್ದಳು. ಆಮೇಲಿಂದ ಜೇಡಗಳು ನೆಲಮಾಳಿಗೆಗೆ ಹೋಗತೊಡಗಿದವು.

ಅಂಥವನಿಗೆ ಅಕ್ಟೋಬರಿನಲ್ಲಿ ಕಾಲು ಬಾತುಕೊಂಡಿತು. ಗ್ರೇಡರಿನ ಸೀಟು ಸರಿಯಿಲ್ಲ ಎಂದು ಬೈದುಕೊಂಡು ದಿನ ದೂಡಿದ. ಒಂದು ಸಂಜೆ ಚರ್ಚಿನ ಊಟದ ಹಾಲಿನಲ್ಲಿ, ಆಲೂಗಡ್ಡೆ ಹೂರಣದ ಪೆರೊಗಿ ಕಡುಬು ಎಂಟನೆಯದು ಬಾಯಿಗಿಟ್ಟಾಗ ಉಸಿರೇ ನಿಂತಂತಾಯಿತು. ಗಂಟಲಿಗೆ ಸಿಕ್ಕಿಕೊಂಡಿತೆಂದು ನಾಲ್ಕು ಜನ ಬೆನ್ನಿಗೆ ಗುದ್ದಿದರು. ಸಿಕ್ಕಿಕೊಂಡಿದ್ದು ಗಂಟಲಿಗಲ್ಲ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಕೂತಿತ್ತು. ಸಸ್ಕಟೂನಿನ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದು ಬಂದ. ನವೆಂಬರಿನಲ್ಲಿ ಮತ್ತೊಂದು ಹೆಪ್ಪು. ಆಗ ಡಾಕ್ಟರಮ್ಮ ಅವನನ್ನೂ ಟ್ರೂಡಿಯನ್ನೂ ಕೂರಿಸಿಕೊಂಡು ಹೇಳಿದರು. ಇನ್ನು ಜೀವನಪೂರ್ತಿ ರಕ್ತ ತೆಳುವಾಗಿಸುವ ಗುಳಿಗೆ ನುಂಗಬೇಕು. ಆ ಗುಳಿಗೆ ನುಂಗುವವನ ತಲೆಗೋ ಹೊಟ್ಟೆಗೋ ಜೋರು ಪೆಟ್ಟು ಬಿದ್ದರೆ ಒಳಗೇ ರಕ್ತ ಸೋರಿ, ಆಸ್ಪತ್ರೆ ಮುಟ್ಟುವುದರೊಳಗೆ ಕಥೆ ಮುಗಿಯಬಹುದು.

"ಹಾಗಾದ್ರೆ ಹಾಕಿ?" ಎಂದು ಕೇಳಿದ ಕೋಸ್ಟಿ.

"ಚೆಸ್ ಬರುತ್ತಾ?" ಎಂದರು ಡಾಕ್ಟರಮ್ಮ.

ಆವತ್ತಿನಿಂದ ಊರಿಗೆ ಊರೇ ಅವನನ್ನು ಮೊಟ್ಟೆಯಂತೆ ಹಿಡಿದುಕೊಳ್ಳತೊಡಗಿತು. ಕ್ಷೌರದಂಗಡಿಯ ನಿಕ್, ಕೈಯಲ್ಲಿದ್ದ ರೇಜರ್ ಕೆಳಗಿಟ್ಟು, "ಗಡ್ಡ ನಿಂಗೆ ಚೆನ್ನಾಗ್ ಒಪ್ಪುತ್ತೆ ಕಣೋ, ಇರ್ಲಿ ಬಿಡು" ಎಂದ. ಕಾಫಿ ಹೋಟೆಲಿನಲ್ಲಿ ಮಾಂಸದ ತಟ್ಟೆಯ ಜೊತೆಗೆ ಅವನೊಬ್ಬನಿಗೆ ಚಾಕು ಕೊಡಲಿಲ್ಲ. ಒಳಗೇ ಚೂರು ಮಾಡಿ ತಂದಿಟ್ಟರು. ಹಿಂದೆ ಕಂಡಕಂಡಲ್ಲಿ ಭುಜಕ್ಕೆ ಗುದ್ದಿ ಮಾತಾಡಿಸುತ್ತಿದ್ದ ತಂಡದ ಹುಡುಗರು ಈಗ ಎರಡಡಿ ದೂರ ನಿಂತು, "ಹೇಗಿದೀರಾ?" ಎಂದು ಕೇಳುತ್ತಿದ್ದರು. ಆ "ರಾ" ಅವನನ್ನು ಕೊಂದುಹಾಕಿತು. ಬೈಗುಳವಿಲ್ಲದೆ ಯಾರೊಬ್ಬರೂ ಮಾತಾಡಿಸದ ಮನುಷ್ಯನಿಗೆ ಮರ್ಯಾದೆ ಕೊಟ್ಟರೆ ಅವನಿಗಾಗುವ ಅವಮಾನ ಅಷ್ಟಿಷ್ಟಲ್ಲ.

ಜನವರಿಯಲ್ಲಿ ತಂಡದ ಕೋಚ್ ಪೀಟ್ ಮನೆಗೆ ಬಂದ. ಬೀಳ್ಕೊಡುಗೆ ಮಾಡೋಣ ಎಂದ. ಫೆಬ್ರವರಿ ಎರಡನೇ ಶನಿವಾರ ಮಧ್ಯಾಹ್ನ ಬೆಲ್‌ಪ್ರೇ ಜೊತೆ ಪಂದ್ಯವಿದೆ. ಕೋಸ್ಟಿಯ ಹೆಸರು ಆಟಗಾರರ ಪಟ್ಟಿಯಲ್ಲಿ ಬರೆಯುವುದು. ಆಟ ಶುರುವಾಗುವಾಗ ನಡುವೃತ್ತದಲ್ಲಿ ಒಂದು ಕಡೆ ಕೋಸ್ಟಿ, ಎದುರಿಗೆ ಟೂರನ್. ರೆಫರಿ ಚೆಂಡಿನ ಬದಲಿಗಿರುವ ಕರಿ ರಬ್ಬರ್ ಬಿಲ್ಲೆಯನ್ನು ನಡುವೆ ಹಾಕುತ್ತಾನೆ. ಟೂರನ್ ಅಲ್ಲಾಡುವುದಿಲ್ಲ. ಕೋಸ್ಟಿ ಬಿಲ್ಲೆಯನ್ನು ಹಿಂದಕ್ಕೆ ತಳ್ಳುತ್ತಾನೆ. ಸೀಟಿ. ಚಪ್ಪಾಳೆ. ಕೋಸ್ಟಿ ಬೆಂಚಿಗೆ ಹೋಗುತ್ತಾನೆ. ಆಮೇಲೆ ನಿಜವಾದ ಆಟ.

ಟ್ರೂಡಿ ಕಾಫಿ ಬಗ್ಗಿಸುತ್ತಿದ್ದವಳು ಕೈ ನಿಲ್ಲಿಸಿದಳು. "ಒಂದೇ ಬಿಲ್ಲೆ?"

"ಒಂದೇ ಬಿಲ್ಲೆ," ಎಂದ ಕೋಸ್ಟಿ.

"ಆಮೇಲೆ ಇಳಿದು ಬಂದ್ಬಿಡಬೇಕು. ನನ್ ಮೇಲೆ ಆಣೆ ಮಾಡು."

ಆಣೆ ಮಾಡಿದ. ಮಾಡುವಾಗ ಅವನ ಬಾಯಿ ನಿಜ ಹೇಳುತ್ತಿತ್ತು, ಹೊಟ್ಟೆಯೊಳಗೆ ಮಾತ್ರ ಒಂದು ಕಳ್ಳ ಯೋಚನೆ ಕೂತಿತ್ತು. ಒಂದು ಸಲ ಸ್ಕೇಟ್ಸ್ ಕಟ್ಟಿ ಐಸ್ ಮೇಲೆ ಇಳಿದ ಮೇಲೆ ಯಾರು ತಡೆಯುತ್ತಾರೆ? ಒಬ್ಬೊಬ್ಬರು ಐಸ್ ಮೇಲಿರುವ ಸರದಿ ನಲವತ್ತು ಸೆಕೆಂಡು. ಒಂದೇ ಒಂದು ಸರದಿ ಎಲ್ಲರ ಜೊತೆ ಓಡಿ, ಯಾರಿಗಾದರೂ ಒಮ್ಮೆ ಭುಜ ಕೊಟ್ಟು, ಆಟಗಾರನಾಗಿ ಇಳಿದು ಬರಬೇಕು, ಮೊಟ್ಟೆಯಾಗಿ ಅಲ್ಲ. ಆ ಯೋಚನೆಗೆ ತಾನೇ ಹೆದರಿ ಅವನು ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಸತ್ತರೆ ಟ್ರೂಡಿಯ ಗತಿಯೇನು ಎಂದು ಯೋಚಿಸಿದ. ಸಾಯುವುದು ನಿಶ್ಚಿತವಿರಲಿಲ್ಲ, ಸತ್ತಮೇಲೂ ಅವಳು ಬೈಯುವುದು ನಿಲ್ಲಿಸುವುದಿಲ್ಲ ಎಂಬುದು ನಿಶ್ಚಿತವಾಗಿತ್ತು.

ಆ ಶನಿವಾರ ರಿಂಕು ಕಿಕ್ಕಿರಿದಿತ್ತು. ತಗಡಿನ ಮಾಡಿನ ಕೆಳಗೆ ಹುರಿದ ಆಲೂಗಡ್ಡೆ, ಈರುಳ್ಳಿ, ಒದ್ದೆ ಉಣ್ಣೆಯ ವಾಸನೆ. ಬೆಲ್‌ಪ್ರೇಯಿಂದಲೂ ನೂರಾರು ಜನ ಬಂದಿದ್ದರು. ಹದಿನಾಲ್ಕು ವರ್ಷ ಯಾರನ್ನು ಬಾಯಿಗೆ ಬಂದಂತೆ ಬೈದಿದ್ದರೋ ಅವನನ್ನು ಇನ್ನು ಬೈಯಲಾಗುವುದಿಲ್ಲವಲ್ಲ ಎಂಬ ಸಂಕಟ ಅವರಿಗೂ ಇತ್ತು. ಕೋಸ್ಟಿಯ ಹೆಸರು ಕೂಗಿದರು. ಅವನು ಮೈಕಿನ ಮುಂದೆ ನಿಂತು, "ಎಲ್ರಿಗೂ ಥ್ಯಾಂಕ್ಸ್. ಕಾಫಿ ಆರಿಹೋಗುತ್ತೆ, ಕುಡೀರಿ," ಎಂದ. ಭಾಷಣ ಅಷ್ಟೇ. ಇನ್ನೊಂದು ಮಾತು ಆಡಿದ್ದರೆ ಅಳು ಬರುತ್ತಿತ್ತು.

ನಡುವೃತ್ತಕ್ಕೆ ಹೋಗಿ ಬಗ್ಗಿದ. ಎದುರಿಗೆ ಟೂರನ್ ಬಗ್ಗಿದ. ಟೂರನ್ನನ ಸೊಟ್ಟ ಮೂಗು ಒಂದು ಗೇಣು ದೂರದಲ್ಲಿತ್ತು, ಅದನ್ನು ಸೊಟ್ಟ ಮಾಡಿದವನು ತಾನೇ ಎಂಬ ಹೆಮ್ಮೆ ಕೋಸ್ಟಿಗೆ ಈಗಲೂ ಇತ್ತು. ಇವನೂ "ಹೇಗಿದೀರಾ" ಎಂದುಬಿಟ್ಟರೆ ಏನು ಮಾಡುವುದು ಎಂದು ಯೋಚಿಸಿದ.

ಟೂರನ್ ಹಲ್ಲಿಲ್ಲದ ಜಾಗದಿಂದ ಉಗುಳು ಹಾರಿಸಿ, "ಏನೋ ಮುದುಕಾ," ಎಂದ. "ಸ್ಕೇಟ್ಸ್ ಹೆಂಡ್ತಿ ಕಟ್ಟಿಕೊಟ್ಲಾ? ನಾಳೆಯಿಂದ ಮನೇಲಿ ಕೂತು ಕಾಲುಚೀಲ ಹೆಣಿ. ನನ್ ಅಳತೆ ಹನ್ನೆರಡು."

ಮೂರು ತಿಂಗಳಲ್ಲಿ ಮೊದಲ ಬಾರಿಗೆ ಒಬ್ಬ ಮನುಷ್ಯ ಅವನನ್ನು ನೆಟ್ಟಗೆ ಬೈದಿದ್ದ. ಕೋಸ್ಟಿಯ ಮೈಯೆಲ್ಲ ಬೆಚ್ಚಗಾಯಿತು. ಬಿಲ್ಲೆ ಬಿತ್ತು. ಅವನು ಮಾತಿನಂತೆ ಅದನ್ನು ಹಿಂದಕ್ಕೆ ತಳ್ಳಿದ. ಮುಂದಿನದು ಅವನು ಬೇಕೆಂದು ಮಾಡಿದ್ದಲ್ಲ. ಹದಿನಾಲ್ಕು ವರ್ಷ ಟೂರನ್ ಎದುರಿಗೆ ನಿಂತಾಗಲೆಲ್ಲ ಮಾಡಿದ್ದನ್ನು ಅವನ ಕೈ ಮಾಡಿತು. ಕೋಲಿನ ಕೊಕ್ಕೆಯನ್ನು ಟೂರನ್ನನ ಹಿಮ್ಮಡಿಯ ಹಿಂದೆ ಹಾಕಿ ಎಳೆಯಿತು. ಅಲ್ಲಾಡಬಾರದೆಂದು ಮಾತು ಕೊಟ್ಟು ಕಂಬದಂತೆ ನಿಂತಿದ್ದ ಟೂರನ್ ಕಂಬದಂತೆಯೇ ಅಂಗಾತ ಬಿದ್ದ.

ರೆಫರಿ ಲೈಲ್‌ನ ಕೈ ಸರ್ರನೆ ಮೇಲೆದ್ದಿತು. ಅವನೂ ಬೇಕೆಂದು ಎತ್ತಿದ್ದಲ್ಲ. ಎತ್ತಿದ ಮೇಲೆ ತನ್ನ ಕೈಯನ್ನೇ ತಾನು ನೋಡಿಕೊಂಡ. ಇಳಿಸಲು ದಾರಿ ಕಾಣದೆ ಸೀಟಿ ಊದಿದ.

"ಕೋಲು ಕೊಟ್ಟು ಬೀಳಿಸಿದ್ದು. ಎರಡು ನಿಮಿಷ."

ಬೆಲ್‌ಪ್ರೇಯವರು ಮೊದಲು ನಕ್ಕರು, ಹಾರ್ಲೋ ಕ್ರೀಕಿನವರು ಲೈಲ್‌ನ ವಂಶವನ್ನೆಲ್ಲ ಎತ್ತಿ ಆಡಿದರು. ಪೀಟ್ ಬೆಂಚಿನ ಮೇಲೆ ಹತ್ತಿ ಕುಣಿದ. "ಬೀಳ್ಕೊಡುಗೆ ಕಣೋ ಲೈಲ್ ಇದು! ಬೀಳ್ಕೊಡುಗೆಗೆ ಯಾರಾದ್ರೂ ಪೆನಾಲ್ಟಿ ಕೊಡ್ತಾರೇನೋ?"

"ಪಟ್ಟಿಯಲ್ಲಿ ಹೆಸರು ಬರೆದಿದೀಯ ತಾನೆ? ಬೀಳಿಸ್ದ ತಾನೆ?" ಎಂದ ಲೈಲ್. ಕಿವಿ ಕೆಂಪಗಾಗಿತ್ತು, ಆದರೆ ಒಮ್ಮೆ ಎತ್ತಿದ ಕೈಯನ್ನು ಇಳಿಸಿಕೊಂಡ ರೆಫರಿ ಈ ಪ್ರಾಂತ್ಯದಲ್ಲಿ ಇನ್ನೂ ಹುಟ್ಟಿಲ್ಲ.

ಕೋಸ್ಟಿ ಮಾತ್ರ ವಾದಿಸಲಿಲ್ಲ. ಮುಖದ ತುಂಬ ನಗು ತುಂಬಿಕೊಂಡು ಪೆನಾಲ್ಟಿ ಗೂಡಿಗೆ ಹೋದ.

ಗೂಡಿನ ಬಾಗಿಲ ಕಾವಲು ಮಿಸೆಸ್ ರೆಂಪೆಲ್ ಅವರದು. ಎಪ್ಪತ್ತಾರು ವರ್ಷದ, ಕುಳ್ಳಗಿನ ಹೆಂಗಸು. ಊರಿನ ಅರ್ಧ ಜನಕ್ಕೆ ಮೂರನೇ ಕ್ಲಾಸಿನಲ್ಲಿ ಮಗ್ಗಿ ಹೇಳಿಕೊಟ್ಟವರು. ಕೋಸ್ಟಿಗೂ ಹೇಳಿಕೊಟ್ಟಿದ್ದರು, ಅವನಿಗೆ ಬಂದಿರಲಿಲ್ಲ. ಎರಡು ತಂಡಗಳ ಎರಡು ಗೂಡಿನ ನಡುವೆ ಕಂಬಳಿ ಹೊದ್ದು ಕೂತು, ಹೊತ್ತು ಮುಗಿದಾಗ ಚಿಲಕ ತೆಗೆದು ಬಾಗಿಲು ಬಿಡುವುದು ಅವರ ಕೆಲಸ.

"ಇವತ್ತೂ ಬಂದ್ಯಾ?" ಎಂದರು. "ಇವತ್ತೊಂದಿನ ಬರಲ್ಲ ಅಂದ್ಕೊಂಡಿದ್ದೆ."

"ಕೈ ಕೇಳಲಿಲ್ಲ, ಮಿಸೆಸ್ ರೆಂಪೆಲ್."

"ನಿನ್ ಕೈ ಮೂರನೇ ಕ್ಲಾಸಿನಲ್ಲೂ ಕೇಳ್ತಿರಲಿಲ್ಲ. ಕೂತ್ಕೋ."

ತನ್ನ ಅಳತೆಯ ತಗ್ಗಿನಲ್ಲಿ ಕೋಸ್ಟಿ ಕೂತ. ಆಟ ಶುರುವಾಯಿತು, ಗೋಲು ಕಾಯುವವರನ್ನು ಬಿಟ್ಟರೆ ಬೆಲ್‌ಪ್ರೇಯವರು ಐವರು, ನಮ್ಮವರು ನಾಲ್ವರು. ಗಡಿಯಾರದಲ್ಲಿ ಎರಡು ನಿಮಿಷ ಕೆಳಗಿಳಿಯತೊಡಗಿತು. ಅರ್ಧ ನಿಮಿಷ ಅವನು ಸುಮ್ಮನೆ ಸುಖಪಟ್ಟ. ಆಮೇಲೆ ನಗು ತಾನಾಗಿಯೇ ಇಳಿಯಿತು. ಏನಾಗಿದೆ ಎಂಬುದು ಈಗ ತಲೆಗೆ ಹೊಳೆಯಿತು.

ಗೂಡಿಗೆ ಇರುವ ಬಾಗಿಲು ಒಂದೇ, ಅದು ಐಸ್ ಮೇಲೆ ತೆರೆಯುತ್ತದೆ. ಅವನ ತಂಡದ ಬೆಂಚು ಇರುವುದು ಐಸಿನ ಆಚೆ ದಂಡೆಯಲ್ಲಿ. ಶಿಕ್ಷೆ ಮುಗಿದ ತಕ್ಷಣ ಅವನು ನಡೆಯುತ್ತಿರುವ ಆಟದ ನಡುವೆಯೇ ಇಳಿಯಬೇಕು. ಇಳಿಯದೆ ಕೂತರೆ, ಅವನ ಬದಲಿಗೆ ಬೆಂಚಿನಿಂದ ಇನ್ನೊಬ್ಬ ಬರುವಂತಿಲ್ಲ. ಸೀಟಿ ಊದಿ ಆಟ ನಿಲ್ಲುವವರೆಗೂ ನಮ್ಮವರು ನಾಲ್ವರೇ ಒದ್ದಾಡಬೇಕು. ಬೇರೆ ಯಾವ ದಾರಿಯೂ ಇಲ್ಲ. ಎರಡು ರಾತ್ರಿ ಕಳ್ಳನಂತೆ ಯೋಚಿಸಿದ ಆ ನಲವತ್ತು ಸೆಕೆಂಡನ್ನು ಈಗ ನಿಯಮವೇ ಅವನ ಕೈಗಿಡುತ್ತಿತ್ತು. ಇಳಿದರೆ ಯಾರೂ ಅವನನ್ನು ದೂರುವಂತಿರಲಿಲ್ಲ. ಆಣೆ ಮುರಿದದ್ದು ನಾನಲ್ಲ, ಹಾಕಿ ಎಂದು ಟ್ರೂಡಿಗೆ ಹೇಳಬಹುದಿತ್ತು.

ಅವನು ಟ್ರೂಡಿಯನ್ನು ಹುಡುಕಿದ. ತಮ್ಮ ಬೆಂಚಿನ ಹಿಂದೆ, ಮೂರನೇ ಸಾಲಿನಲ್ಲಿ ನೀಲಿ ಟೋಪಿ ಹಾಕಿಕೊಂಡು ಕೂತಿದ್ದಳು. ಹಾಕಿ ಆಡುವವನ ಜೊತೆ ಹದಿನಾಲ್ಕು ವರ್ಷ ಬಾಳಿದವಳಿಗೆ ನಿಯಮ ಹೇಳಿಕೊಡಬೇಕಾಗಿರಲಿಲ್ಲ. ಅವಳೂ ಗಡಿಯಾರ ನೋಡುತ್ತಿದ್ದಳು.

"ಇನ್ನು ಹತ್ತು ಸೆಕೆಂಡು," ಎಂದರು ಮಿಸೆಸ್ ರೆಂಪೆಲ್. ಚಿಲಕದ ಮೇಲೆ ಅವರ ಕೈಯಿತ್ತು. "ಏನ್ ಮಾಡ್ಲಿ, ವಾರೆನ್? ತೆಗೀಲಾ?"

ಅವನು ಎದ್ದು ನಿಂತ. ಆಚೆಯಿಂದ ಪೀಟ್ ಎರಡೂ ಕೈ ಆಡಿಸಿ, "ಇಳೀಬೇಡ! ಅಲ್ಲೇ ಸಾಯಿ!" ಎಂದು ಕಿರುಚುತ್ತಿದ್ದ. ತಂಡದ ಹುಡುಗರು ಸುಸ್ತಾಗಿದ್ದರು. ಎರಡು ನಿಮಿಷದಿಂದ ಬೆಂಚಿಗೆ ಹೋಗಲಾಗದ ಇಬ್ಬರು ಬಾಯಿ ಬಿಟ್ಟು ಏದುಸಿರು ಬಿಡುತ್ತಿದ್ದರು. ಗಡಿಯಾರ ಸೊನ್ನೆಗೆ ಬಂತು.

ಆಗಲೇ ಬಿಲ್ಲೆ ಉರುಳಿಕೊಂಡು ಬಂದು ಗೂಡಿನ ಮುಂದೆಯೇ ನಿಂತಿತು. ಒಂದು ಕೋಲಿನಳತೆ ದೂರ, ಸುತ್ತ ಯಾರಿಲ್ಲ, ಮುಂದೆ ಬೆಲ್‌ಪ್ರೇಯ ಗೋಲಿನವರೆಗೆ ಖಾಲಿ ಐಸು. ಅವನ ಹನ್ನೆರಡನೇ ಗೋಲು ಬಾಗಿಲಲ್ಲಿ ಬಂದು ಕರೆಯುತ್ತಿತ್ತು. ಓಡಲು ಕೋಸ್ಟಿಯ ಮೊಣಕಾಲುಗಳು ತಾವಾಗಿಯೇ ಬಗ್ಗಿದವು.

"ವಾರೆನ್?" ಎಂದರು ಮಿಸೆಸ್ ರೆಂಪೆಲ್.

ಅವನು ಕೈಗವಸು ಕಳಚಿದ. ಬರಿಗೈಯನ್ನು ಅವರ ಕೈ ಪಕ್ಕದಲ್ಲಿ ಚಿಲಕದ ಮೇಲಿಟ್ಟ. "ನೀವು ಬಿಡಿ," ಎಂದ. "ನಿಮ್ಗೆ ಬೈಗುಳ ಬರೋದು ಬೇಡ. ನಾನೇ ಹಿಡ್ಕೋತೀನಿ."

ಮಿಸೆಸ್ ರೆಂಪೆಲ್ ಕೈ ತೆಗೆದರು. ಕೋಸ್ಟಿ ಚಿಲಕವನ್ನು ಒತ್ತಿ ಹಿಡಿದ. ಬಾಗಿಲು ಯಾವ ಕಡೆಯಿಂದ ಯಾರು ದೂಡಿದರೂ ತೆರೆಯದಷ್ಟು ಜೋರಾಗಿ ಹಿಡಿದ. ದೂಡುತ್ತಿದ್ದವನು ಅವನೊಬ್ಬನೇ. ಬಿಲ್ಲೆ ಒಂದು ಕ್ಷಣ ಕಾದು, ಬೆಲ್‌ಪ್ರೇಯವರ ಕೋಲಿಗೆ ಸಿಕ್ಕಿ ನಮ್ಮ ಗೋಲಿನ ಕಡೆ ಹೊರಟಿತು. ಹೀಗೆ ಬಿಟ್ಟುಕೊಟ್ಟಾಗ ಮನಸ್ಸಿಗೆ ಏನೋ ಶಾಂತಿ ಸಿಗುತ್ತದೆ ಎನ್ನುತ್ತಾರೆ. ಸುಳ್ಳು. ಅವನು ಆ ಬಿಲ್ಲೆಯನ್ನು ಬಾಯಿಗೆ ಬಂದಂತೆ ಬೈದ.

ಜನ ಹೋ ಎಂದು ಕೂಗಿದರು. ನಮ್ಮ ನಾಲ್ವರಲ್ಲಿ ಒಬ್ಬ ಮುಗ್ಗರಿಸಿ ಬಿದ್ದ, ಇನ್ನೊಬ್ಬ ಅವನ ಮೇಲೆ ಬಿದ್ದ, ಗೋಲು ಕಾಯುವವ ಅವರಿಬ್ಬರ ಹಿಂದೆ ಸಿಕ್ಕಿಕೊಂಡ. ಬಿಲ್ಲೆ ಟೂರನ್‌ನ ಕೋಲಿಗೆ ಬಂತು. ಅವನ ಮುಂದೆ ಬಲೆ ಬಾಯಿ ತೆರೆದು ನಿಂತಿತ್ತು. ಟೂರನ್ ತನ್ನ ಬಾಳಿನಲ್ಲಿ ಹೊಡೆದ ಗೋಲುಗಳು ಎಂಟು. ಇಂಥ ಅವಕಾಶ ಅವನಿಗೆ ಇನ್ನು ಹುಟ್ಟಿ ಬಂದರೂ ಸಿಗುತ್ತಿರಲಿಲ್ಲ.

ಟೂರನ್ ಬಲೆಯನ್ನು ನೋಡಿದ. ತಲೆ ತಿರುಗಿಸಿ ಐಸಿನ ಈಚೆ ದಂಡೆಯ ಗೂಡನ್ನು ನೋಡಿದ. ಗಾಜಿಗೆ ಮುಖ ಒತ್ತಿ, ಚಿಲಕ ಹಿಡಿದು ನಿಂತಿದ್ದ ಕೋಸ್ಟಿಯನ್ನು ನೋಡಿದ. ಆಮೇಲೆ ಕೋಲನ್ನು ಬಿಲ್ಲೆಯ ಅಡಿಗೆ ತೂರಿಸಿ, ಸೌಟಿನಲ್ಲಿ ಎತ್ತಿ ಹಾಕುವಂತೆ ಅದನ್ನು ಮೇಲಕ್ಕೆತ್ತಿ, ಗೋಡೆಯ ಆಚೆಗೆ, ಜನರ ತಲೆಯ ಮೇಲಿಂದ ಎಸೆದ. ಅದು ಕಾಫಿ ಕೌಂಟರಿನ ತಗಡಿಗೆ ಢಣ್ ಎಂದು ಬಡಿಯಿತು.

ಸೀಟಿ. ಆಟ ನಿಂತಿತು. ಲೈಲ್ ಈ ಸಲ ಕೈ ಎತ್ತುವ ಮೊದಲು ಕೇಳಿದ, "ಗಿಲ್ಬರ್ಟ್, ಬೇಕಂತ ಹೊರಗೆ ಹಾಕಿದ್ಯೇನೋ?"

"ಬೇಕಂತ ಅಲ್ದೆ? ನಾನೇನು ಆಟ ಬರದವನು ಅಂದ್ಕೊಂಡ್ಯಾ?" ಎಂದ ಟೂರನ್ ಸಿಟ್ಟಿನಿಂದ.

ಎರಡು ನಿಮಿಷ. ಬೇಕೆಂದೇ ಆಟ ನಿಲ್ಲಿಸುವುದೂ ತಪ್ಪೇ. ಅವನ ಕೋಚ್ ಬಾಯಿಗೆ ಬಂದದ್ದನ್ನೆಲ್ಲ ಅಂದ. ಟೂರನ್ ಸಾವಕಾಶವಾಗಿ ಬಂದು ಪಕ್ಕದ ಗೂಡಿನಲ್ಲಿ ಕೂತ, ನಡುವೆ ಮಿಸೆಸ್ ರೆಂಪೆಲ್.

"ಖಾಲಿ ಬಲೆ ಕಣೋ ಅದು," ಎಂದ ಕೋಸ್ಟಿ.

"ಗೊತ್ತು."

"ನಿಂಗೆ ಹುಚ್ಚಾ?"

"ನಿನ್ನಂಥವನ ಜೊತೆ ಹದಿನಾಲ್ಕು ವರ್ಷ ಆಡಿದ್ರೆ ಇನ್ನೇನಾಗುತ್ತೆ?" ಟೂರನ್ ನೇರವಾಗಿ ಮುಂದೆ ನೋಡುತ್ತಿದ್ದ. ಕಣ್ಣು ಒದ್ದೆಯಾಗಿತ್ತು, ಅದನ್ನು ಬೆವರಿನ ಲೆಕ್ಕಕ್ಕೆ ಹಾಕಿ ತೋಳಿನಿಂದ ಒರೆಸಿಕೊಂಡ. "ಹೋಗೋ, ಆಟ ನಿಂತಿದೆ. ಯಾರೂ ಮೈಮೇಲೆ ಬರಲ್ಲ. ದಾಟ್ಕೊಂಡು ಹೋಗು. ಬೇಗ ಹೋಗಬೇಡ, ನಂಗೆ ಸುಸ್ತಾಗಿದೆ."

ಮಿಸೆಸ್ ರೆಂಪೆಲ್ ಬಾಗಿಲು ತೆಗೆದರು. ಕೋಸ್ಟಿ ಐಸ್ ಮೇಲೆ ಇಳಿದ. ಆಚೆ ದಂಡೆಗೆ ಹತ್ತು ತಳ್ಳಿನ ದಾರಿ. ಹಿಂದೆಲ್ಲ ಅದನ್ನು ನಾಲ್ಕು ಸೆಕೆಂಡಿನಲ್ಲಿ ದಾಟುತ್ತಿದ್ದ. ಈಗ ಒಂದೊಂದೇ ಕಾಲು ಎಳೆದುಕೊಂಡು ಹೋದ. ಕೆಳಗೆ ಅಲಗು ಐಸನ್ನು ಕೊಯ್ಯುವ ಸದ್ದನ್ನು ಕೇಳಿಸಿಕೊಳ್ಳುತ್ತ ಹೋದ. ಎರಡೂ ತಂಡದವರು ಕೋಲುಗಳನ್ನು ನೆಲಕ್ಕೆ ಬಡಿಯುತ್ತಿದ್ದರು. ಜನರೆಲ್ಲ ಎದ್ದು ನಿಂತಿದ್ದರು, ಬೆಲ್‌ಪ್ರೇಯವರೂ. ಅವರಲ್ಲೊಬ್ಬ ಸಂಪ್ರದಾಯ ಬಿಡಬಾರದೆಂದು, "ಮನೆಗೆ ಹೋಗೋ ಗೂಳಿ!" ಎಂದು ಕೂಗಿದ. ಕೋಸ್ಟಿ ಅತ್ತುಬಿಟ್ಟ. ಮುಚ್ಚಿಕೊಳ್ಳಲಿಲ್ಲ.

ಟ್ರೂಡಿ ಮೂರನೇ ಸಾಲಿನಿಂದ ಇಳಿದು ಬೆಂಚಿನ ಬಾಗಿಲಿಗೆ ಬಂದು ನಿಂತಿದ್ದಳು. ಅವಳೆದುರು ಅವನು ಅಪರಾಧಿಯಂತೆ ನಿಂತ.

"ಒಂದೇ ಬಿಲ್ಲೆ ಕಣೇ," ಎಂದ. "ಆಣೆ ಮುರೀಲಿಲ್ಲ. ಬಾಗಿಲು ನಾನೇ ಹಿಡ್ಕೊಂಡಿದ್ದೆ."

"ನೋಡ್ತಿದ್ದೆ," ಎಂದಳು ಟ್ರೂಡಿ. ಅವನ ಬಲಗೈ ಇನ್ನೂ ಮುಷ್ಟಿಯಾಗಿಯೇ ಇತ್ತು. ಅವಳು ಅದನ್ನು ತನ್ನ ಎರಡು ಕೈಯಲ್ಲಿ ತೆಗೆದುಕೊಂಡು, ಒಂದೊಂದೇ ಬೆರಳು ಬಿಡಿಸಿದಳು.